ಆಮೆಯ ಬಿಲ್ಲೆ

ಅಳಿಯ ಅಲ್ಲ, ಮಗಳ ಗಂಡ. ಶೆಡ್ಡಿಗೆ ಬಂದ ಹೊಸಬರು ಯಾರಾದರೂ "ಇವರು ನಿಮ್ಮ ಅಳಿಯಾನಾ ಅಕ್ಕಾ?" ಎಂದು ಕೇಳಿದರೆ ಮೇಸ್ತ್ರಿ ಕೊಡುತ್ತಿದ್ದ ಉತ್ತರ ಅದು. ಗ್ಯಾಂಗಿನವರು ಪ್ರತಿ ಸಲವೂ ಮೊದಲ ಸಲ ಕೇಳಿದವರಂತೆ ನಗುತ್ತಿದ್ದರು. ಅಳಿಯನೂ ನಗುತ್ತಿದ್ದ, ಆದರೆ ಮಿಕ್ಕವರೆಲ್ಲ ನಕ್ಕು ಮುಗಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ. ಅವನದು ಎಲ್ಲವೂ ನಿಧಾನ. ಅದಕ್ಕೇ ಶೆಡ್ಡಿನಲ್ಲಿ ಅವನಿಗೆ ಆಮೆ ಎಂದು ಹೆಸರು ಬಿದ್ದಿತ್ತು.

ಮೇಸ್ತ್ರಿ ಹಾಗಲ್ಲ. ಹಾಲು ಉಕ್ಕುವುದಕ್ಕೆ ಮೊದಲೇ ಉಕ್ಕೀತೆಂದು ಒಲೆ ಆರಿಸುವ ಹೆಂಗಸು. ಗಂಡ ತೀರಿಕೊಂಡ ವರ್ಷ ಅವನ ಕೆಲಸಕ್ಕೆ ಸೇರಿ, ಊರಿನ ಜನರನ್ನು ಬೆಳಿಗ್ಗೆ ಕೆಲಸಕ್ಕೆ ಒಯ್ದು ಸಂಜೆ ಮನೆಗೆ ತರುವ ರೈಲುಗಾಡಿಗಳ ಹೊಟ್ಟೆಯ ಕೆಳಗೇ ಕೂದಲು ನರೆಸಿಕೊಂಡವಳು. ದಾರಿಯಲ್ಲಿ ಎಲ್ಲಾದರೂ ಗಾಡಿ ಕೆಟ್ಟು ನಿಂತರೆ ಡೀಸೆಲ್ ಇಂಜಿನ್ ಹತ್ತಿಕೊಂಡು ಹೋಗಿ, ಕೊಂಡಿ ಹಾಕಿ, ಎಳೆದು ತರುವ ಗ್ಯಾಂಗಿಗೆ ಈಗ ಅವಳೇ ಯಜಮಾನಿ. ಇಂಜಿನ್ ಓಡಿಸುವುದು ಮೀಸೆ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಉಳಿದಿತ್ತು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಸಂದುಗೊಂದಿಗಳಲ್ಲಿ ತೂರುವುದಕ್ಕೆ ಬೆಕ್ಕು ಎಂಬ ಸಣಕಲ ಫಿಟ್ಟರು. ಮತ್ತೆ ಈ ಆಮೆ.

ಶೆಡ್ಡಿನ ಗೋಡೆಗೆ ಬೆನ್ನು ಹಚ್ಚಿದಂತೆ ಅವಳ ಎರಡು ಕೋಣೆಯ ಮನೆ. ಗಾಡಿ ಹೋದಾಗಲೆಲ್ಲ ತಟ್ಟೆ ಲೋಟಗಳು ಹಲ್ಲು ಕಡಿಯುತ್ತಿದ್ದವು. ಮದುವೆಯಾದ ಮೇಲೆ ಆಮೆ ಅಲ್ಲಿಗೇ ಬಂದಿದ್ದ. ಮನೆ ಅಳಿಯ ಅಂದರೆ ಹೇಳಬೇಕಾಗಿಲ್ಲ, ಅವನು ಕೂತರೆ ಒಂದು ಮಾತು, ನಿಂತರೆ ಒಂದು ಮಾತು. ಅವನು ಎದುರಾಡುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಹಟವಿತ್ತು: ಮನೆಯಲ್ಲಿ ಅವಳನ್ನು ಅತ್ತೆ ಎನ್ನುವವನು, ಶೆಡ್ಡಿನ ಗೇಟು ದಾಟಿದ ಕೂಡಲೇ ಎಲ್ಲರಂತೆ ಅಕ್ಕ ಎನ್ನುತ್ತಿದ್ದ.

"ಯಾಕೋ, ಇಲ್ಲಿ ಅತ್ತೆ ಅಂದ್ರೆ ನಾಲಿಗೆ ಸುಡುತ್ತಾ?" ಎಂದು ಒಮ್ಮೆ ಕೇಳಿದ್ದಳು.

"ಅದು ಬೇರೆ, ಇದು ಬೇರೆ. ಎರಡನ್ನೂ ಕಲಸಬಾರದು."

ಅತಿಬುದ್ಧಿ ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಆ ದಿನ ಬೆಳಗಿನ ಗದ್ದಲದ ಹೊತ್ತು. ಶೆಡ್ಡಿನ ತಗಡಿನ ಮಾಡು ಆಗಲೇ ಕಾದಿತ್ತು. ಆಮೆ ಗಾಲಿಗೆ ಅಡ್ಡ ಕೊಡುವ ಮರದ ಬೆಣೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಸೀಳು ಬಿಟ್ಟಿದೆಯೇ ಎಂದು ನೋಡಿ, ಮೂಟೆಗೆ ತುಂಬುತ್ತಿದ್ದ.

"ಹೆಣ್ಣು ನೋಡೋಕೆ ಹೋದಾಗ್ಲೂ ಇಷ್ಟು ನೋಡಿರ್ಲಿಲ್ಲ ಇವನು," ಎಂದಳು ಮೇಸ್ತ್ರಿ.

"ನೋಡಿದ್ರೆ ಜೊತೇಲಿ ಅತ್ತೆ ಬರ್ತಾರೆ ಅಂತ ಗೊತ್ತಾಗಿರೋದು ಬಿಡಿ ಅಕ್ಕಾ," ಎಂದ ಬೆಕ್ಕು. ಅಷ್ಟರಲ್ಲಿ ಕಂಟ್ರೋಲಿನಿಂದ ಫೋನು ಬಂತು.

ಸೇತುವೆಗೆ ಮುಂಚಿನ ಏರಿನಲ್ಲಿ ಗಾಡಿ ನಿಂತಿದೆ. ಎಲ್ಲೋ ಕೊಳವೆ ಒಡೆದು ಗಾಳಿಯೆಲ್ಲ ಸೋರಿ ಹೋಗಿದೆ, ಬ್ರೇಕ್ ಕಚ್ಚಿಕೊಂಡಿದೆ, ಕರೆಂಟೂ ಇಲ್ಲ. ಜನ ಕಾಲಿಡಲು ಜಾಗವಿಲ್ಲದಷ್ಟು ತುಂಬಿದ್ದಾರೆ. ಪಕ್ಕದ ಹಳಿಯಲ್ಲಿ ಎದುರು ಗಾಡಿಗಳು ಓಡುತ್ತಿರುವುದರಿಂದ ಬಾಗಿಲು ತೆರೆಯುವಂತಿಲ್ಲ. ತೆರೆದರೆ ಜನ ಹಾರಿ ಗಾಲಿಗೆ ಸಿಕ್ಕಿಬಿಡುತ್ತಾರೆ.

ಮೇಸ್ತ್ರಿ ಇಂಜಿನ್ನಿನ ಮೆಟ್ಟಿಲ ಮೇಲೆ ಕಾಲಿಡುವಾಗ ಅವಳದೇ ಫೋನು ಗುಣುಗುಟ್ಟಿತು. ಮಗಳು.

"ಅಮ್ಮಾ, ನಮ್ಮ ಗಾಡಿ ನಿಂತುಬಿಟ್ಟಿದೆ."

"ಯಾವ ಗಾಡಿ?"

"ನಿನಗೆ ಈಗ ಫೋನು ಬಂದಿರಬೇಕಲ್ಲ, ಅದೇ." ಮಗಳು ನಗಲು ನೋಡಿದಳು. "ಕೊನೇ ಬೋಗೀಲಿದೀನಿ. ಸೀಟು ಸಿಕ್ಕಿದೆ. ಸೆಖೆ ಅಷ್ಟೇ. ನೀನು ಗಾಬರಿ ಆಗ್ಬೇಡ."

ಮಗಳು ತುಂಬು ಬಸುರಿ. ಹೊಲಿಗೆ ಅಂಗಡಿಯ ಕೆಲಸ ಬಿಡು ಬಿಡು ಎಂದು ತಾಯಿ ಬಡಕೊಂಡರೆ ಇನ್ನೊಂದು ವಾರ ಅಮ್ಮಾ, ಇನ್ನೊಂದು ವಾರ ಎಂದು ತಳ್ಳುತ್ತಾ ಬಂದಿದ್ದಳು. ಮೇಸ್ತ್ರಿ ಫೋನು ಇಟ್ಟಳು. ತಿರುಗಿ ನೋಡಿದರೆ ಆಮೆ ಇನ್ನೂ ಮೂಟೆಯ ಬಾಯಿ ಕಟ್ಟುತ್ತಿದ್ದ.

"ನಿನ್ನ ಹೆಂಡ್ತಿ ಒಳಗಿದಾಳೆ ಕಣೋ! ಆ ಕಟ್ಟಿಗೆ ಬಿಸಾಕಿ ಹತ್ತು!"

ಅವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಗಂಟು ಬಿಗಿದು, ಮೂಟೆಯನ್ನು ಹೆಗಲಿಗೇರಿಸಿಕೊಂಡೇ ಹತ್ತಿದ.

ಇಂಜಿನ್ ಹೊರಟಿತು. ಕಿಟಕಿಯ ಕಂಬಿ ಹಿಡಿದ ಅವನ ಗೆಣ್ಣುಗಳು ಬೆಳ್ಳಗಾಗಿದ್ದವು. ಅದನ್ನು ಅವಳು ನೋಡಲಿಲ್ಲ, ನೋಡಿದ್ದು ಮೂಟೆಯನ್ನು.

"ಎಷ್ಟು ತಂದಿದೀಯ?"

"ಹಿಂದೆ ಮುಂದೆ ಎರಡೂ ಕಡೆ ಆಗೋಷ್ಟು, ಅಕ್ಕಾ."

"ಮುಂದೆ ಯಾಕೆ? ಏರಿನಲ್ಲಿ ನಿಂತಿರೋ ಗಾಡಿ ಹಿಂದಕ್ಕೆ ಜಾರುತ್ತೆ. ತಾನಾಗಿ ಏರು ಹತ್ತೋ ಗಾಡೀನ ಎಲ್ಲಾದ್ರೂ ಕಂಡಿದೀಯಾ?"

"ಎರಡೂ ಕಡೆ ಇಟ್ರೆ ಕೆಳಗೆ ಧೈರ್ಯವಾಗಿ ಕೈ ಆಡುತ್ತೆ," ಎಂದ ಆಮೆ. ಮೀಸೆ ಕನ್ನಡಿಯೊಳಗೇ ನಕ್ಕ. "ಹೋಗ್ಲಿ ಬಿಡಕ್ಕ. ಆಮೆಗೆ ಅದರ ಚಿಪ್ಪು."

ಈ ಗಾಡಿಗಳ ಬ್ರೇಕಿನ ಗುಣ ಒಂದು ರೀತಿ ತಿರುಗುಮುರುಗು. ಕೊಳವೆಯಲ್ಲಿ ಗಾಳಿ ಇದ್ದರೆ ಗಾಲಿ ಸಡಿಲ. ಗಾಳಿ ಹೋಯಿತೋ, ಸ್ಪ್ರಿಂಗು ಬಂದು ಗಾಲಿಯನ್ನು ಕಚ್ಚುತ್ತದೆ, ಮತ್ತೆ ಬಿಡುವುದಿಲ್ಲ. ಆಗ ಒಂದೊಂದು ಬೋಗಿಯ ಅಡಿಗೂ ಮನುಷ್ಯನೇ ತೂರಿ, ಅಲ್ಲಿರುವ ಎರಡು ಹಿಡಿ ಎಳೆದು ಬಿಡಿಸಬೇಕು. ಬಿಡಿಸಿದ ಮೇಲೆ ಆ ಬೋಗಿಗೆ ತನ್ನದೆನ್ನುವ ಬ್ರೇಕೇ ಇಲ್ಲ, ಹಗ್ಗ ಕಳಚಿದ ದನದ ಹಾಗೆ. ಗಾಲಿಗೆ ಕೊಟ್ಟ ಬೆಣೆಯೇ ಗತಿ.

ಕೆಳಗೆ ಇಳಿಯುವವರಿಗೆ ಇನ್ನೊಂದು ಕಾವಲಿತ್ತು. ಇಂಜಿನ್ನಿನ ಒಳಗೆ, ಡ್ರೈವರ್ ಹಿಡಿಯುವ ಹಿಡಿಕೆಯ ನೆತ್ತಿಗೆ ಸರಿಯಾಗಿ ಒಂದು ಕೊಕ್ಕೆ. ಗಾಡಿಯಡಿಗೆ ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ತಾವೇ ಅದಕ್ಕೆ ಸಿಕ್ಕಿಸಬೇಕು. ಎದ್ದು ಬಂದು ತಾವೇ ತೆಗೆಯಬೇಕು. ಕೊಕ್ಕೆ ಬರಿದಾಗುವ ತನಕ ದೇವರೇ ಬಂದು ಹೇಳಿದರೂ ಇಂಜಿನ್ ಅಲುಗುವಂತಿಲ್ಲ. ಗ್ಯಾಂಗಿನಲ್ಲಿ ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣಬಹುದು, ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಬಹುದು, ಬಿಲ್ಲೆ ಮಾತ್ರ ಮುಟ್ಟುವಂತಿಲ್ಲ. ಈ ಕಟ್ಟಳೆ ಯಾರ ನೆತ್ತರಿನಿಂದ ಹುಟ್ಟಿತು ಎಂದು ಈಗ ಯಾರಿಗೂ ನೆನಪಿಲ್ಲ. ಇಂಥವು ಸುಮ್ಮನೆ ಹುಟ್ಟುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಒಂದೊಂದು ಬಿಲ್ಲೆಗೆ ಒಂದೊಂದು ಗುರುತು. ಬೆಕ್ಕಿನದರಲ್ಲಿ ನಾಲ್ಕು ಗೀಟು, ಮೀಸೆಯೋ ಬಾಲವೋ ಅವನಿಗೇ ಗೊತ್ತು. ಆಮೆಯದರಲ್ಲಿ ನಿಜವಾದ ಆಮೆ, ಕತ್ತು ಹೊರಚಾಚಿ ನಗುವ ಆಮೆ. ಮದುವೆಯಾದ ಹೊಸತರಲ್ಲಿ ಮಗಳೇ ಸೂಜಿಯ ಮೊನೆಯಿಂದ ಕೆತ್ತಿಕೊಟ್ಟದ್ದು.

ಕೊಕ್ಕೆಯ ಕಾವಲು ಮೇಸ್ತ್ರಿಯದು.

ಸೇತುವೆ ದಾಟಿ ಹಿಮ್ಮುಖವಾಗಿ ಇಂಜಿನ್ ಗಾಡಿಯ ಮೂತಿಗೆ ಬೆನ್ನು ತಾಗಿಸಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ದಿಬ್ಬದ ಅಂಚಿನಲ್ಲಿ ಒಬ್ಬರು ನಡೆಯುವಷ್ಟು ಜಲ್ಲಿಯ ದಾರಿ. ಗಾಜಿನ ಹಿಂದೆ ಮುಖಗಳು, ಮುಖಗಳು. ಕೆಲವರು ಗಾಜಿಗೆ ಗುದ್ದುತ್ತಿದ್ದರು, ಕೆಲವರು ಮೇಲಿನ ಸಣ್ಣ ಗವಾಕ್ಷಿಗೆ ಬಾಯಿ ಹಚ್ಚಿ ನಿಂತಿದ್ದರು. ಬೆಕ್ಕು ಕೊಂಡಿ ಹಾಕಿ, ಗಾಳಿಯ ಪೈಪು ಜೋಡಿಸಿದ. ಇಬ್ಬರೂ ಬಿಲ್ಲೆ ಸಿಕ್ಕಿಸಿದರು. ಮುಂದಿನ ಬೋಗಿಗಳು ಬೆಕ್ಕಿಗೆ, ಹಿಂದಿನವು ಆಮೆಗೆ. ಮೂಟೆ ಹೊತ್ತು ಗಾಡಿಯ ಉದ್ದಕ್ಕೂ ನಡೆದು ಹೋದ ಅಳಿಯನ ಬೆನ್ನನ್ನು ನೋಡುತ್ತಾ ಅವಳು ಒಳಗೇ ಬೈದುಕೊಂಡಳು: ಓಡೋ, ಓಡೋ ಮಾರಾಯ.

ವಾಕಿಟಾಕಿಯಲ್ಲಿ ಕಂಟ್ರೋಲ್ ಸಾಹೇಬ ಬಿಡುವಿಲ್ಲದೆ ಕರೆಯುತ್ತಿದ್ದ. ಹಿಂದೆ ಗಾಡಿಗಳು ಸಾಲುಗಟ್ಟಿವೆ, ಇನ್ನೆಷ್ಟು ಹೊತ್ತು? ಅವಳಿಗೆ ಸಾಹೇಬನ ದನಿ ನೊಣದ ಸದ್ದು. ಕಿವಿಯೆಲ್ಲ ಇನ್ನೊಂದು ಕೈಯಲ್ಲಿದ್ದ ಫೋನಿನ ಮೇಲೆ.

"ಅಮ್ಮಾ, ಇಲ್ಲೊಬ್ಬಜ್ಜಿ ಬಿದ್ದುಬಿಟ್ರು." ಮಗಳ ದನಿಯಲ್ಲಿ ಈಗ ನಗು ಇರಲಿಲ್ಲ. "ಕಿಟಕಿ ತೆಗೆಯೋಕೆ ಆಗಲ್ವಾ?"

"ನೀನು ಕಾಲು ನೀಡಿ ಕೂತ್ಕೊ. ನೀರಿದೆಯಾ?"

"ಅಜ್ಜಿಗೆ ಕೊಟ್ಟೆ."

"ಇದ್ದದ್ದೆಲ್ಲಾ ಯಾಕೆ ಕೊಟ್ಯೇ!"

"ಅಮ್ಮಾ, ಹೊಟ್ಟೆ ಗಟ್ಟಿಯಾಗ್ತಾ ಇದೆ. ಬಿಟ್ಟು ಬಿಟ್ಟು." ಸ್ವಲ್ಪ ಹೊತ್ತು ಬರೀ ಉಸಿರು. "ಅವರು ಬಂದ್ರು ನೋಡು. ಇಲ್ಲೇ ಕಿಟಕಿ ಹತ್ತಿರ. ಕೈ ಬೀಸ್ತಿದಾರೆ. ಇರು, ಆಮೇಲೆ ಮಾಡ್ತೀನಿ."

ಬೆಕ್ಕು ಮೈಯೆಲ್ಲ ಮಸಿ ಮಾಡಿಕೊಂಡು ಬಂದ. ತನ್ನ ಬಿಲ್ಲೆ ಕಿತ್ತು ಜೇಬಿಗೆ ಹಾಕಿಕೊಂಡ. "ನನ್ನದೆಲ್ಲ ಬಿಡ್ತು. ಆಮೆದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಂಡಿ ನೋಡಲು ಇಳಿದ.

ಮೇಸ್ತ್ರಿ ಮೆಟ್ಟಿಲಿನಿಂದ ಹೊರಗೆ ಬಾಗಿ ಹಿಂದಕ್ಕೆ ನೋಡಿದಳು. ಗಾಡಿಯ ಬಾಲದ ಹತ್ತಿರ ಜಲ್ಲಿಯ ಮೇಲೆ ಅಳಿಯ ನಿಂತಿದ್ದ. ಗಾಡಿಯಡಿಯಿಂದ ಎದ್ದು ಬಂದಿದ್ದಾನೆ. ಮಂಡಿ ಒರೆಸಿಕೊಳ್ಳುತ್ತಿದ್ದಾನೆ. ಮುಗಿಯಿತು ಹಾಗಾದರೆ.

ಇನ್ನು ಅವನು ಆ ಉದ್ದವನ್ನೆಲ್ಲ ನಡೆದು ಬರಬೇಕು. ಆಮೆಯ ನಡಿಗೆಯಲ್ಲಿ. ಬಂದು, ಮೆಟ್ಟಿಲು ಹತ್ತಿ, ಕೈ ಒರೆಸಿಕೊಂಡು, ಬಿಲ್ಲೆ ತೆಗೆದು... ಅಷ್ಟರಲ್ಲಿ ಒಳಗೆ ಮಗಳಿಗೆ ಏನಾದರೂ ಆದರೆ? ಹೊಟ್ಟೆ ಗಟ್ಟಿಯಾಗುವುದೆಂದರೆ ಏನೆಂದು ಹೆತ್ತವಳಿಗೆ ಹೇಳಿಕೊಡಬೇಕೇ?

ಅವಳು ಒಳಗೆ ತಿರುಗಿದಳು. ಕೊಕ್ಕೆಯಲ್ಲಿ ಆಮೆ ಒಂಟಿಯಾಗಿ ಕತ್ತು ಚಾಚಿಕೊಂಡು ತೂಗುತ್ತಿತ್ತು. ಬೇರೆ ಯಾರದಾಗಿದ್ದರೂ ಅವಳ ಕೈ ಮುಂದೆ ಹೋಗುತ್ತಿರಲಿಲ್ಲ. ಬೆಕ್ಕಿನದಾಗಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಇವನು ಮನೆಯವನು. ಇವನ ಅಂಗಿ ಒಗೆಯುತ್ತೇನೆ, ಇವನ ತಟ್ಟೆಗೆ ಬಡಿಸುತ್ತೇನೆ, ಇವನ ಬಿಲ್ಲೆ ತೆಗೆದರೆ ಏನು? ಕೊಕ್ಕೆಯಿಂದ ಅದನ್ನು ಕಿತ್ತು ಜೇಬಿಗಿಳಿಸಿದಳು.

ಮೀಸೆ ಬರಿದಾದ ಕೊಕ್ಕೆ ನೋಡಿದ, ಅವಳ ಮುಖ ನೋಡಿದ. "ಆಮೆ ಬಂದನಾ ಅಕ್ಕಾ?"

"ಬಂದ."

ಮೀಸೆ ಹಿಡಿಕೆ ಸರಿಸಿದ. ಇಂಜಿನ್ ಒಮ್ಮೆ ಮೈ ನಡುಗಿಸಿಕೊಂಡು ಮುಂದಕ್ಕೆ ತುಯ್ದಿತು. ಕೊಂಡಿಗಳು ಒಂದರ ಹಿಂದೊಂದು ಸೆಟೆದುಕೊಂಡ ಸದ್ದು ಗಾಡಿಯ ಉದ್ದಕ್ಕೂ ಓಡಿ, ಬಾಲದಲ್ಲಿ ಏನಕ್ಕೋ ಬಡಿದು ಹಿಂದಿರುಗಿತು. ಕೆಳಗೆ ಪಟಾರೆಂದು ಗಾಳಿಯ ಪೈಪು ಕಳಚಿ ಬುಸುಗುಟ್ಟಿತು. "ಏನೋ ಹಿಡೀತಾ ಇದೆ," ಎಂದು ಮೀಸೆ ಕೈ ಹಿಂದಕ್ಕೆಳೆಯುವುದಕ್ಕೂ ಅವಳ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

"ನಿಲ್ಸು! ಅಮ್ಮಾ ನಿಲ್ಸು! ಅವರು ಕೆಳಗಿದಾರೆ! ಈಗ ತಾನೆ ಸುತ್ತಿಗೆ ತಗೊಂಡು ಕೆಳಗೆ ಹೋದ್ರು!"

ಆಮೇಲೆ ಆ ದನಿ ಮಾತಾಗಿ ಉಳಿಯಲಿಲ್ಲ.

ಮೇಸ್ತ್ರಿ ಇಳಿದದ್ದು ಹೇಗೆ, ಓಡಿದ್ದು ಹೇಗೆ, ಅವಳಿಗೆ ಗೊತ್ತಿಲ್ಲ. ಜಲ್ಲಿ ಕಾಲಡಿಯಿಂದ ಜಾರುತ್ತಿತ್ತು, ಗಾಡಿ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕಿಟಕಿಗಳು, ಕಿಟಕಿಗಳಲ್ಲಿ ಬಾಯಿಗಳು. ಗಾಡಿಯಡಿಯಿಂದ ಕೂಗು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟು ಓಡಿದಳು. ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದಕ್ಕೇ ಹೆಚ್ಚು ಭಯವಾಯಿತು.

ಕೊನೆಯ ಬೋಗಿಯಡಿಯಿಂದ ಮೊದಲು ಒಂದು ಕೈ ಬಂತು. ಆಮೇಲೆ ತಲೆ. ಆಮೆ ತೆವಳಿಕೊಂಡು ಹೊರಗೆ ಬಂದು, ಎದ್ದು ನಿಲ್ಲಲಾರದೆ ಜಲ್ಲಿಯ ಮೇಲೇ ಕೂತ. ಮೊಣಕೈ ತರಚಿತ್ತು, ಅಷ್ಟೇ. ಕೈಯಲ್ಲಿ ಸುತ್ತಿಗೆ ಇತ್ತು. ಅದರ ಹಿಡಿ ಜಜ್ಜಿ ನಾರುನಾರಾಗಿ, ಅಗಿದು ಉಗಿದ ಬೇವಿನ ಕಡ್ಡಿಯ ಹಾಗೆ ತೂಗುತ್ತಿತ್ತು. ಹಳಿಯ ಮೇಲೆ ಅದನ್ನಿಟ್ಟು ಎರಡೂ ಕೈಯಿಂದ ಬ್ರೇಕಿನ ಹಿಡಿ ಎಳೆಯುತ್ತಿದ್ದನಂತೆ. ಗಾಲಿ ಒಂದು ಗೇಣು ಉರುಳಿ ಅದನ್ನು ತಿಂದು, ಮುಂದೆ ಕೊಟ್ಟಿದ್ದ ಬೆಣೆಗೆ ಕಚ್ಚಿ ನಿಂತಿತ್ತು. ಮುಂದಿನ ಬೆಣೆಗೆ.

ಕಿಟಕಿಯ ಗಾಜಿಗೆ ಮಗಳು ಎರಡೂ ಅಂಗೈ ಒತ್ತಿ ನಿಂತಿದ್ದಳು. ಅವಳು ನೋಡುತ್ತಿದ್ದುದು ಗಂಡನನ್ನಲ್ಲ, ತಾಯಿಯನ್ನು.

ಆಮೆ ಉಸಿರು ತಂದುಕೊಂಡು ಕೇಳಿದ. "ನನ್ನ ಬಿಲ್ಲೆ ಎಲ್ಲಿ?"

ಮೇಸ್ತ್ರಿ ಜೇಬಿಗೆ ಕೈ ಹಾಕಿದಳು. ತೆಗೆದು ಕೊಡುವಾಗ ಬಿಲ್ಲೆ ಅವಳ ಬೆವರಿಗೆ ಒದ್ದೆಯಾಗಿತ್ತು.

"ನೀನು ಎದ್ದು ನಿಂತಿದ್ದನ್ನ ನೋಡ್ದೆ ಕಣೋ. ಮುಗೀತು ಅಂದ್ಕೊಂಡೆ. ಇವಳು ಒಳಗೆ..."

"ಎರಡನೇ ಹಿಡಿ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಸುತ್ತಿಗೆಗೆ ಎದ್ದೆ." ಅವನು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ, ತನ್ನದು ಹೌದೋ ಅಲ್ಲವೋ ಎನ್ನುವ ಹಾಗೆ. "ನೀವು ಅಕ್ಕ ಆಗಿದ್ರೆ ಇದನ್ನ ಮುಟ್ತಿರ್ಲಿಲ್ಲ. ಅತ್ತೆ ಅಂತ ಮುಟ್ಟಿದ್ರಿ."

ಹಳಿಯ ಪಕ್ಕದಲ್ಲಿ ನಿಂತು ಅವನು ಅತ್ತೆ ಎಂದದ್ದು ಅದೇ ಮೊದಲು. ಎದುರು ಹಳಿಯಲ್ಲಿ ಒಂದು ಗಾಡಿ ಧಡಧಡನೆ ಹಾದುಹೋಯಿತು.

ಬ್ರೇಕ್ ಇನ್ನೂ ಕಚ್ಚಿಕೊಂಡೇ ಇತ್ತು. ವಾಕಿಟಾಕಿಯಲ್ಲಿ ಬೆಕ್ಕು ಕೂಗುತ್ತಿದ್ದ: ಪೈಪಿನ ಬಾಯಿ ಹರಿದಿದೆ, ಬೇರೆ ಹಾಕ್ತಾ ಇದೀನಿ, ನಾನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ, ಅಲ್ಲಿ ಏನಾಯ್ತು?

ಆಮೆ ಎರಡೂ ಕೈ ಮುಂದೆ ಚಾಚಿ ತೋರಿಸಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದವು. "ನಡುಗೋ ಕೈಲಿ ಗಾಡಿ ಕೆಳಗೆ ಹೋಗಬಾರದು ಅಂತ ಹೇಳಿಕೊಟ್ಟವರು ನೀವೇ."

"ನಾನು ಹೋಗ್ತೀನಿ," ಎಂದಳು ಮೇಸ್ತ್ರಿ.

"ಬಿಲ್ಲೆ ಹಾಕಿ ಬನ್ನಿ."

"ಇಲ್ಲೇ ಇದೀಯಲ್ಲ. ವಾಕಿಟಾಕೀಲಿ ಮೀಸೆಗೆ ಒಂದು ಮಾತು..."

ಅವನು ತನ್ನ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಎತ್ತಿ ತೋರಿಸಿದ. ಅವಳು ಮಾತು ನುಂಗಿ ಇಂಜಿನ್ನಿನ ಕಡೆಗೆ ತಿರುಗಿದಳು.

ಉಳಿಸಬೇಕೆಂದುಕೊಂಡಿದ್ದ ಆ ನಡಿಗೆಯನ್ನು ಈಗ ಅವಳೇ ನಡೆದಳು. ಗಾಡಿಯ ಬಾಲದಿಂದ ಮೂತಿಯ ತನಕ. ಓಡಲು ನೋಡಿದರೆ ಮಂಡಿ ಕೇಳಲಿಲ್ಲ. ಗಾಜಿನೊಳಗಿನ ಜನ ಇವಳೇಕೆ ತಿರುಗಿ ಹೋಗುತ್ತಿದ್ದಾಳೆ ಎಂದು ಬೈಯುತ್ತಿದ್ದುದು ತುಟಿಯಲ್ಲೇ ಕಾಣುತ್ತಿತ್ತು. ಒಂದು ಮಗು ಗಾಜಿಗೆ ನಾಲಿಗೆ ಹಚ್ಚಿಕೊಂಡು ಅವಳನ್ನೇ ನೋಡಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವಳು ಎಷ್ಟು ಜನಕ್ಕೆ ಹೇಳಿರಲಿಲ್ಲ!

ಇಂಜಿನ್ ಹತ್ತಿ ಜೇಬಿನಿಂದ ತನ್ನ ಬಿಲ್ಲೆ ತೆಗೆದಳು. ಅದರ ಮೇಲಿದ್ದ ಹೂವು ಸವೆದು ಬರೀ ತೊಟ್ಟು ಉಳಿದಿತ್ತು. ಅದನ್ನು ಕೊಕ್ಕೆಗೆ ಸಿಕ್ಕಿಸಿದಳು; ಹಾಗೆ ಸಿಕ್ಕಿಸಿ ಯಾವ ಕಾಲವಾಗಿತ್ತೋ.

"ಅವನು ಬಂದಿರ್ಲಿಲ್ಲ," ಎಂದಳು. "ನಿನಗೆ ಸುಳ್ಳು ಹೇಳ್ದೆ."

ಮೀಸೆಯ ಮುಖದಿಂದ ರಕ್ತ ಇಳಿದುಹೋಯಿತು. ತನ್ನ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡು, ಅವುಗಳ ಮೇಲೇ ಕೂತ. "ಹೋಗು. ನೀನು ಬಂದು ತೆಗೆಯೋ ತನಕ ಈ ಕೈ ಹೊರಗೆ ಬರಲ್ಲ."

ತಿರುಗಿ ಬಂದಾಗ ಆಮೆ ಬೇರೆ ಸುತ್ತಿಗೆ ಕೊಟ್ಟ. ಅವಳು ಮಂಡಿಯೂರಿ, ಆಮೇಲೆ ಬೆನ್ನ ಮೇಲಾಗಿ, ಗಾಡಿಯಡಿಗೆ ಸರಿದಳು.

ಕೆಳಗೆ ಕತ್ತಲೆ, ಎಣ್ಣೆ ನಾತ, ಸುಟ್ಟ ಕಬ್ಬಿಣದ ನಾತ. ಮೂಗಿನಿಂದ ಒಂದು ಗೇಣು ಮೇಲೆ ಬೋಗಿಯ ಹೊಟ್ಟೆ. ಅದರ ಮೇಲೆ ನೂರಾರು ಕಾಲುಗಳು ಅತ್ತಿತ್ತ ತುಳಿಯುತ್ತಿದ್ದವು. ಅವುಗಳಲ್ಲಿ ಎರಡು ಕಾಲು ಅವಳ ಮಗಳವು. ಪಕ್ಕಕ್ಕೆ ಕತ್ತು ಹೊರಳಿಸಿದಾಗ ಬೆಣೆ ಕಂಡಿತು. ಗಾಲಿ ಅದರೊಳಗೆ ಒಂದು ಬೆರಳು ಆಳಕ್ಕೆ ಹಲ್ಲು ಊರಿತ್ತು. ಆಚೆಗೆ ಜಲ್ಲಿಯಲ್ಲಿ ಮನುಷ್ಯನ ಮೈ ಮಲಗಿದ್ದ ತಗ್ಗು. ಅವಳು ಮಲಗಿದ್ದುದು ಅದೇ ತಗ್ಗಿನಲ್ಲಿ.

ಹಿಡಿ ಎಳೆದಳು. ಬರಲಿಲ್ಲ. ಸುತ್ತಿಗೆಯಿಂದ ಕುಟ್ಟಿದಳು. ಹೊರಗೆ ಅಳಿಯನ ಕಾಲುಗಳು ಕಾಣುತ್ತಿದ್ದವು, ಎರಡು ಕೊಳೆ ಬೂಟು, ಜಲ್ಲಿಯಲ್ಲಿ ನೆಟ್ಟ ಹಾಗೆ. ಬೂಟುಗಳು ಅಲ್ಲಿಂದ ಕದಲಿದರೆ? ಅವನಿಗೆ ಈಗ ಮನಸ್ಸು ಕೆಟ್ಟಿದೆ. ಮನಸ್ಸು ಕೆಟ್ಟ ಮನುಷ್ಯ ಎದ್ದು ಹೋದರೆ? ಅಲ್ಲಿ ಯಾರೋ ಒಬ್ಬರು ನನ್ನವಳೇ ತಾನೆ ಎಂದು ನನ್ನ ಬಿಲ್ಲೆಗೆ ಕೈ ಹಾಕಿದರೆ? ಹಾಗೆಲ್ಲ ಆಗುವುದಿಲ್ಲ ಎಂದು ಅವಳಿಗೆ ಗೊತ್ತು. ಅವನಿಗೂ ಗೊತ್ತಿತ್ತಲ್ಲ, ಆಗುವುದಿಲ್ಲ ಎಂದು. ಗೊತ್ತಿದ್ದೇ ತಾನೇ ನಿಶ್ಚಿಂತೆಯಾಗಿ ಹಳಿಯ ಮೇಲೆ ಸುತ್ತಿಗೆ ಇಟ್ಟದ್ದು. ಅವಳ ಕೈಯೂ ಅದುರತೊಡಗಿತು. ಹಲ್ಲು ಕಚ್ಚಿ ಇನ್ನೆರಡು ಏಟು ಹಾಕಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದಳು.

ಬ್ರೇಕ್ ಬಿಟ್ಟಿತು. ಬಹಳ ದಿನದಿಂದ ಕಟ್ಟಿಟ್ಟ ಮಾತು ಹೊರಬಂದ ಹಾಗೆ ಒಂದು ದೀರ್ಘ ನಿಟ್ಟುಸಿರು. ಬೆನ್ನಿಗೇ ಬೋಗಿ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಕೂತು, ಹಿಂದಿನ ಬೆಣೆಗೆ ಒರಗಿತು. ಬೂಟುಗಳು ಕದಲಲಿಲ್ಲ.

ಹೊರಗೆ ಬಂದಾಗ ಆಮೆ ಕೈ ಹಿಡಿದು ಎಬ್ಬಿಸಲಿಲ್ಲ. ಅವಳೇ ಗಾಡಿಯ ಅಂಚು ಹಿಡಿದು ಎದ್ದಳು. ಬೆಣೆ ತೆಗೆದ ಮೇಲೆ ಗಾಡಿಯನ್ನು ಇಂಜಿನ್ನಿನ ಬ್ರೇಕೇ ಹಿಡಿಯಬೇಕು. ಬೆಕ್ಕು ಪೈಪು ಸರಿಮಾಡಿದ. ಆಮೆ ಬೆಣೆಗಳನ್ನು ಒಂದೊಂದಾಗಿ ಎಣಿಸಿ ಮೂಟೆಗೆ ಹಾಕಿದ, ಹಲ್ಲಿನ ಗುರುತಿದ್ದದ್ದನ್ನೂ. ಈ ಸಲ ಯಾರೂ ಅವನಿಗೆ ಬೇಗ ಎನ್ನಲಿಲ್ಲ. ಇಬ್ಬರೂ ಜೊತೆಯಾಗಿ ಮುಂದಕ್ಕೆ ನಡೆದರು. ಅವಳೇ ಹತ್ತಿ ತನ್ನ ಬಿಲ್ಲೆ ತೆಗೆದಳು. ಆಗ ಮೀಸೆ ಜೋಮು ಹಿಡಿದ ಕೈಗಳನ್ನು ಈಚೆಗೆ ತೆಗೆದು, ಝಾಡಿಸಿ, ಹಿಡಿಕೆ ಹಿಡಿದ.

ಸೇತುವೆಯಾಚೆಯ ನಿಲ್ದಾಣದಲ್ಲಿ ಬಾಗಿಲು ತೆರೆದರು. ಜನ ನೀರಿನ ಹಾಗೆ ಸುರಿದರು. ಅಜ್ಜಿಯನ್ನು ಬೆಂಚಿನ ಮೇಲೆ ಮಲಗಿಸಿ ಗಾಳಿ ಹಾಕಿದರು; ಅಜ್ಜಿ ಕಣ್ಣು ಬಿಟ್ಟು ಮೊದಲು ತನ್ನ ಚೀಲ ಎಲ್ಲಿ ಎಂದು ಕೇಳಿತು. ಮಗಳು ಎಲ್ಲರಿಗಿಂತ ಹಿಂದೆ, ಕಂಬಿ ಹಿಡಿದುಕೊಂಡು ಇಳಿದಳು. ಆಮೆಯ ಮೈಯನ್ನು ತಲೆಯಿಂದ ಕಾಲಿನ ತನಕ ಮುಟ್ಟಿ ಮುಟ್ಟಿ ನೋಡಿದಳು, ಮಗುವಿಗೆ ಸ್ನಾನ ಮಾಡಿಸಿದವರು ಮೈ ಒರೆಸಿ ನೋಡುವ ಹಾಗೆ.

"ಹೊಟ್ಟೆ?" ಎಂದಳು ಮೇಸ್ತ್ರಿ.

"ಸರಿಹೋಯ್ತು. ಹೆದರಿಕೆಗೆ ಹಾಗಾಗಿತ್ತೇನೋ." ಮಗಳು ಗಂಡನ ಕಡೆಗೇ ನೋಡುತ್ತಾ ಕೇಳಿದಳು, "ನಿಮ್ಮ ಬಿಲ್ಲೆ ಇತ್ತು ತಾನೆ ಕೊಕ್ಕೇಲಿ?"

ಆಮೆ ನೆಲ ನೋಡಿದ.

"ನಾನು ತೆಗೆದೆ," ಎಂದಳು ತಾಯಿ. "ನಿನಗೆ ಏನಾದ್ರೂ ಆಗುತ್ತೆ ಅಂತ."

"ನನಗಾಗಿ ತೆಗೆದ್ಯಾ?"

"ಹೂಂ."

"ಇವರಿಗೆ ಏನಾದ್ರೂ ಆಗಿದ್ರೆ, ಅದು ನನ್ನ ತಲೆ ಮೇಲೆ ಇರ್ತಿತ್ತಲ್ಲಮ್ಮಾ, ಸಾಯೋ ತನಕ." ಮಗಳು ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಸಂಜೆ ಮೇಸ್ತ್ರಿ ತಾನಾಗಿಯೇ ಸಾಹೇಬನ ಕೋಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವನು ಫೋನಿನ ಬಾಯಿ ಮುಚ್ಚಿಕೊಂಡು ಕೇಳಿದ. "ಗಾಡಿ ಬಂತಲ್ಲಮ್ಮ. ಯಾರಿಗೂ ಏನೂ ಆಗ್ಲಿಲ್ಲವಲ್ಲ. ಬಿಡಿ, ದೊಡ್ಡದು ಮಾಡೋದು ಬೇಡ." ಬೈದು ಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಭಾರ ಹಾಗೇ ಅವಳ ಹೆಗಲ ಮೇಲೆ ಕೂತು ಮನೆಗೆ ಬಂತು. ಆ ರಾತ್ರಿ ಮಗಳೇ ಎಲ್ಲರಿಗೂ ಬಡಿಸಿದಳು. ಗಾಡಿ ಹೋದಾಗ ತಟ್ಟೆಗಳು ಅದುರಿದ ಸದ್ದೇ ಊಟದ ಮಾತು.

ಮರುದಿನ ಗ್ಯಾಂಗಿನೆದುರು ಅವಳು ಹೇಳಿದಳು: "ಇನ್ನು ಮೇಲೆ ಕೊಕ್ಕೆ ಕಾಯೋದು ಆಮೆ. ಕೆಳಗೆ ಇಳಿಯೋದು ನಾನು, ಬೆಕ್ಕು."

"ನಿಮ್ಮ ಮಂಡಿ ಅಕ್ಕಾ..." ಎಂದ ಬೆಕ್ಕು.

"ಮಂಡಿ ನಂದು. ನಿಂಗೇನು?"

ಬೆಕ್ಕು ನಕ್ಕ. ಮೀಸೆಯೂ ನಕ್ಕ. ಆಮೆ ನಗಲಿಲ್ಲ, ನಿಧಾನಕ್ಕೆ ನಕ್ಕಾನೆಂದು ಅವಳು ಕಾದಳು. ಅವನು ಬೆಣೆಯ ಮೂಟೆಯನ್ನು ತಂದು ಅವಳ ಮುಂದಿಟ್ಟು, ಬಾಯಿ ಬಿಚ್ಚಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು ಹೇಗೆಂದು ತೋರಿಸಿದ. ಅವಳು ನೋಡಿ ಕಲಿತುಕೊಂಡಳು.

ಅದಾದ ಮೇಲೆ ಎಷ್ಟೋ ಗಾಡಿಗಳು ಕೆಟ್ಟು ನಿಂತಿವೆ, ಎಷ್ಟೋ ಗಾಡಿಗಳನ್ನು ಎಳೆದು ತಂದಿದ್ದಾರೆ. ಅವಳು ಗಾಡಿಯಡಿಯಿಂದ ಎದ್ದು, ನಡೆದು, ಮೆಟ್ಟಿಲು ಹತ್ತಿ ಬರುವಾಗ ಆಮೆ ಕೊಕ್ಕೆಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಮೀಸೆಗೂ ಅದರ ಹತ್ತಿರ ಸುಳಿಯಲು ಬಿಡುವುದಿಲ್ಲ. ಅವಳ ಮುಖ ಕಂಡ ಮೇಲಷ್ಟೇ ಪಕ್ಕಕ್ಕೆ ಸರಿದು, "ತಗೊಳ್ಳಿ ಅಕ್ಕಾ," ಎನ್ನುತ್ತಾನೆ. ಅವಳು ತನ್ನ ಕೈಯಿಂದಲೇ ತನ್ನ ಬಿಲ್ಲೆ ತೆಗೆದುಕೊಳ್ಳುತ್ತಾಳೆ.

ಮನೆಯಲ್ಲಿ ಕೂಡಾ ಅವನ ನಡತೆಯಲ್ಲಿ ಕೊರತೆಯಿಲ್ಲ. ನೀರು ತುಂಬಿಡುತ್ತಾನೆ, ಅವಳ ಮಂಡಿಗೆ ಎಣ್ಣೆ ತಂದುಕೊಟ್ಟಿದ್ದಾನೆ. ಅವಳು ಮೊದಲಿನ ಹಾಗೆ ಅವನು ಕೂತರೆ ಒಂದು ಮಾತು, ನಿಂತರೆ ಒಂದು ಮಾತು ಆಡುವುದನ್ನು ಬಿಟ್ಟಿದ್ದಾಳೆ. ಬಾಗಿಲ ಹತ್ತಿರ ಕೂತು ತೊಟ್ಟಿಲಲ್ಲಿರುವ ಮೊಮ್ಮಗುವಿಗೆ ಹಳೆಯ ಬಟ್ಟೆ ಹರಿದು ಮಡಿಸಿಡುವಾಗ, ಅವನು ಏನನ್ನಾದರೂ ಕೇಳಲು ಬಂದು ನಿಲ್ಲುತ್ತಾನೆ. ಬಾಯಿ ತೆರೆಯುತ್ತಾನೆ. ಅವಳ ಕೈ ಬಟ್ಟೆಯ ಮೇಲೇ ನಿಂತುಬಿಡುತ್ತದೆ.

"ಚಹಾ ಇದೆಯಾ?" ಎನ್ನುತ್ತಾನೆ, ಅಷ್ಟೇ. ಆ ದಿನದಿಂದ ಮನೆಯೊಳಗೆ ಅವನು ಅವಳನ್ನು ಅತ್ತೆ ಎಂದೂ ಕರೆದಿಲ್ಲ, ಅಕ್ಕ ಎಂದೂ ಕರೆದಿಲ್ಲ.

ಅವಳು ಎದ್ದು ಹೋಗಿ ಒಲೆ ಹಚ್ಚುತ್ತಾಳೆ. ಹಾಲಿಟ್ಟು, ಉಕ್ಕುವ ತನಕ ಅಲ್ಲೇ ನಿಂತಿರುತ್ತಾಳೆ.